ಹಳೇ 407ರ ತುಕ್ಕು: ತೂತು ಮುಚ್ಚುವ ಮೊದಲು ನೀರಿನ ದಾರಿ ಹುಡುಕಿ

ನಮ್ಮ ಮನೆಯಲ್ಲಿ ಒಂದು ಟಾಟಾ 407 ಸಣ್ಣ ಲಾರಿ ಇದೆ, 2003ರ ಮಾಡೆಲ್. ಅಪ್ಪ ಕೊಂಡ ಗಾಡಿ. ಕೋಲಾರದ ಎಪಿಎಂಸಿಗೆ ಟೊಮೆಟೊ ಹೊತ್ತಿದೆ, ಶ್ರೀನಿವಾಸಪುರದಿಂದ ಮಾವಿನಹಣ್ಣು ಹೊತ್ತಿದೆ, ಹೊಲಕ್ಕೆ ಕೋಳಿ ಗೊಬ್ಬರ ಹೊತ್ತಿದೆ, ತಿಂಗಳಿಗೆ ಎರಡು ಸಲ ಚೆನ್ನೈಗೂ ಹೋಗಿ ಬಂದಿದೆ. ಇಂಜಿನ್ ಇನ್ನೂ ಗಟ್ಟಿ. ತಗಡು ಮಾತ್ರ ಸೋತಿತ್ತು. ಎಡಗಡೆ ಬಾಗಿಲ ಕೆಳಗೆ ಬೆರಳು ತೂರುವಷ್ಟು ತೂತು, ಫುಟ್‌ಬೋರ್ಡ್ ಪದರ ಪದರವಾಗಿ ಎದ್ದಿತ್ತು, ಡ್ರೈವರ್ ಕಾಲಡಿಯ ಮ್ಯಾಟ್ ಎತ್ತಿದರೆ ರಸ್ತೆ ಕಾಣುತ್ತಿತ್ತು.

ಮೊದಲ ಸಲ ಒಬ್ಬ ಪೇಂಟರ್‌ಗೆ ಕೊಟ್ಟೆವು. ಎಫ್‌ಸಿ (ಆರ್‌ಟಿಒ ಫಿಟ್‌ನೆಸ್ ಸರ್ಟಿಫಿಕೇಟ್) ಹತ್ತಿರ ಬಂದಿತ್ತು, ಅವಸರ. ಎಂಟು ವರ್ಷ ದಾಟಿದ ಗಾಡಿಗೆ ವರ್ಷ ವರ್ಷ ಎಫ್‌ಸಿ ಮಾಡಿಸಲೇಬೇಕಲ್ವಾ. ಅವರು ತೂತಿನೊಳಗೆ ಪೇಪರ್ ತುರುಕಿ, ಮೇಲೆ ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಕೊಟ್ಟರು. ನೋಡಲು ಚೆನ್ನಾಗೇ ಇತ್ತು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಪುಟ್ಟಿ ಹೋಳು ಹೋಳಾಗಿ ಉದುರಿತು, ಒಳಗಿನ ಪೇಪರ್ ನೀರು ಕುಡಿದು ಮುದ್ದೆಯಾಗಿತ್ತು, ಬೆರಳು ತೂರುವಷ್ಟಿದ್ದ ತೂತು ಅಂಗೈ ಅಗಲ ಆಗಿತ್ತು. ಎರಡನೇ ಸಲ ನಾನೇ ಕೈ ಹಾಕಿದೆ. ಗಾಡಿಗಳ ತಗಡು ಕೆಲಸ ಮಾಡುವ ಕೋಲಾರದ ಒಬ್ಬ ಹಳೇ ಟಿಂಕರ್ ಚಾಚಾ ಎರಡು ಭಾನುವಾರ ನಮ್ಮ ಹಿತ್ತಲಿಗೆ ಬಂದು ಕೂತು ಹೇಳಿಕೊಟ್ಟರು. ಮೊದಲ ದಿನ ಅವರು ಹೇಳಿದ್ದು ಇಷ್ಟೇ: "ತೂತು ಎಲ್ಲಿದೆ ಅಂತ ನೋಡಬೇಡಪ್ಪ, ನೀರು ಎಲ್ಲಿ ನಿಲ್ಲುತ್ತೆ ಅಂತ ನೋಡು."

ನಾನು ಇಲ್ಲಿ ಬರೆಯುವುದೆಲ್ಲ ಆ ಮಾತಿನ ಸುತ್ತಲೇ.

ತುಕ್ಕು ಹೊರಗಿನಿಂದ ಬರುವುದು ಕಡಿಮೆ. ಕಲ್ಲು ಹೊಡೆದು ಬಣ್ಣ ಕಿತ್ತ ಜಾಗದಲ್ಲಿ ಬರುವುದು ಬೇರೆ, ಅದು ಸಣ್ಣದು. ದೊಡ್ಡ ತುಕ್ಕು ತಗಡಿನ ಬೆನ್ನಿನಿಂದ ಬರುತ್ತದೆ. ನೀರು, ಗಾಳಿ, ಕಬ್ಬಿಣ ಮೂರೂ ಸೇರಿದರೆ ತುಕ್ಕು, ಅದಕ್ಕೆ ಉಪ್ಪು ಸೇರಿದರೆ ಇನ್ನೂ ಬೇಗ. ಕಬ್ಬಿಣಕ್ಕಿಂತ ತುಕ್ಕಿಗೆ ಜಾಗ ಜಾಸ್ತಿ ಬೇಕು, ಅದಕ್ಕೇ ಬಣ್ಣ ಗುಳ್ಳೆ ಏಳುವುದು. ನೀವು ಹೊರಗೆ ಗುಳ್ಳೆ ನೋಡುವ ಹೊತ್ತಿಗೆ ಒಳಗೆ ತಗಡು ಆಗಲೇ ಹಪ್ಪಳವಾಗಿರುತ್ತದೆ.

ಬಾಗಿಲನ್ನೇ ತಗೊಳ್ಳಿ. ಗಾಜಿನ ರಬ್ಬರ್ ಸಂದಿಯಿಂದ ಮಳೆ ನೀರು ಬಾಗಿಲೊಳಗೆ ಇಳಿಯುವುದು ತಪ್ಪಲ್ಲ, ಇಳಿದ ನೀರು ಹೊರಗೆ ಹೋಗಲಿ ಅಂತಲೇ ಬಾಗಿಲ ತಳದಲ್ಲಿ ಸಣ್ಣ ತೂತು ಬಿಟ್ಟಿರುತ್ತಾರೆ. ನಮ್ಮ ಕಡೆಯ ಕೆಂಪು ಮಣ್ಣು, ಹೊಲದ ದೂಳು, ಒಣಹುಲ್ಲಿನ ಚೂರು ಎಲ್ಲ ಸೇರಿ ಆ ತೂತು ಮುಚ್ಚಿಕೊಳ್ಳುತ್ತದೆ. ಆಮೇಲೆ ಬಾಗಿಲು ಒಂದು ತೊಟ್ಟಿ. ಮಳೆ ನಿಂತು ವಾರವಾದರೂ ಒಳಗೆ ಕೆಸರು ಹಸಿಯಾಗೇ ಇರುತ್ತದೆ.

ಹೊರೆಯ ಕಥೆಯೂ ಇದೆ. ಟೊಮೆಟೊ ರಸ ಹುಳಿ, ಬಣ್ಣ ಕಿತ್ತ ಜಾಗ ಸಿಕ್ಕರೆ ತಗಡನ್ನು ತಿನ್ನುತ್ತದೆ. ಕೋಳಿ ಗೊಬ್ಬರ ಅದಕ್ಕಿಂತ ಕೆಟ್ಟದ್ದು, ತೇವವನ್ನು ದಿನಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ, ಉಪ್ಪಿನಂಶವೂ ಇದೆ. ಪೊಟ್ಯಾಷ್ ಗೊಬ್ಬರದ ಚೀಲ ಒಡೆದು ಚೆಲ್ಲಿದ್ದರೆ ಅವತ್ತೇ ತೊಳೆಯಿರಿ, ನಾವು ಸಾಮಾನ್ಯವಾಗಿ ತರುವ ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಜಾತಿಯದ್ದೇ. ಚೆನ್ನೈ ಕಡೆ ಹೋಗಿ ಬರುವ ಗಾಡಿಗಳಿಗೆ ಸಮುದ್ರದ ಗಾಳಿಯೂ ಸೇರುತ್ತದೆ.

ಮೊದಲು ಗಾಡಿಯನ್ನು ಓದಿ

ಒಂದು ಉದ್ದನೆ ಸ್ಕ್ರೂಡ್ರೈವರ್, ಒಂದು ಟಾರ್ಚ್, ಹಳೇ ಸ್ಪೀಕರ್‌ನಿಂದ ಕಿತ್ತ ಒಂದು ಅಯಸ್ಕಾಂತ. ಇಷ್ಟಿದ್ದರೆ ಅರ್ಧ ದಿನದಲ್ಲಿ ಗಾಡಿಯ ಪೂರ್ತಿ ಜಾತಕ ಸಿಗುತ್ತದೆ. ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ತಗಡಿನ ಮೇಲೆ ಓಡಿಸಿ. ಎಲ್ಲಿ ಹಿಡಿತ ಸಡಿಲವೋ ಅಲ್ಲಿ ಹಳೇ ಪುಟ್ಟಿ ಇದೆ. ಗುಳ್ಳೆ ಇರುವಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ, ಮರುಕ ಬೇಡ. ಇವತ್ತು ತೂರದೆ ಉಳಿದದ್ದು ಮುಂದಿನ ವರ್ಷ ತಾನಾಗೇ ತೂರುತ್ತದೆ. ಸುತ್ತಿಗೆಯ ಮರದ ಹಿಡಿಯಿಂದ ತಟ್ಟಿದರೆ ಒಳ್ಳೆ ತಗಡು ಗಣಗಣ ಅನ್ನುತ್ತದೆ, ಸತ್ತ ತಗಡು ಮಂದವಾಗಿ ಸದ್ದು ಮಾಡುತ್ತದೆ.

ಮ್ಯಾಟ್ ಎತ್ತಿ ನೋಡಿ. ಮುಂದಿನ ಗಾಜಿನ ರಬ್ಬರ್ ಕೆಳಗೆ, ವೈಪರ್ ಬುಡದಲ್ಲಿ, ಫುಟ್‌ಬೋರ್ಡ್ ಅಡಿಯಲ್ಲಿ, ಮಡ್‌ಗಾರ್ಡ್ ಒಳಮಡಿಕೆಯಲ್ಲಿ, ಕ್ಯಾಬಿನ್ ಹಿಂಭಾಗದ ಮೂಲೆಗಳಲ್ಲಿ, ಹಿಂದಿನ ಬಾಡಿಯ ತಳದ ಅಂಚಿನಲ್ಲಿ, ಹೀಗೆ ಎರಡು ತಗಡು ಸೇರುವ ಪ್ರತಿ ಜಾಗವೂ ನೀರು ಕೂರುವ ಜಾಗ. ಇನ್ನೊಂದು ಜಾಗ ಯಾರೂ ನೋಡುವುದಿಲ್ಲ. ಆಯುಧಪೂಜೆಗೆ ಬಾಳೆಕಂದು ಕಟ್ಟುತ್ತೇವಲ್ಲ, ಬೈಂಡಿಂಗ್ ವೈರ್ ಉಜ್ಜಿ ಬಂಪರ್ ಮೂಲೆಯಲ್ಲಿ, ಕನ್ನಡಿ ಕಂಬಿಯಲ್ಲಿ ಬಣ್ಣ ಕಿತ್ತು ಹೋಗಿರುತ್ತದೆ. ನಮ್ಮ ಗಾಡಿಯಲ್ಲಿ ಎರಡೂ ಕಡೆ ಅಲ್ಲೇ ತುಕ್ಕು ಶುರುವಾಗಿತ್ತು. ಈಗ ನಾವು ಹತ್ತಿ ಹಗ್ಗದಲ್ಲಿ ಕಟ್ಟುತ್ತೇವೆ.

ಆಮೇಲೆ ಬಕೆಟ್ ಪರೀಕ್ಷೆ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ಮೇಲಿನಿಂದ ನಿಧಾನಕ್ಕೆ ನೀರು ಸುರಿಯಲಿ, ಮೊದಲು ಗಾಜಿನ ಕೆಳಗೆ, ಆಮೇಲೆ ಬಾಗಿಲ ಮೇಲೆ, ಕೊನೆಗೆ ಟಾಪಿನ ಮೇಲೆ. ಒಮ್ಮೆಲೇ ಎಲ್ಲ ಕಡೆ ಸುರಿದರೆ ಯಾವುದು ಎಲ್ಲಿಂದ ಬಂತು ಗೊತ್ತಾಗುವುದಿಲ್ಲ. ನಮ್ಮ ಫ್ಲೋರ್ ತೂತಾದದ್ದು ಕೆಳಗಿನ ಕೆಸರಿನಿಂದ ಅಂತ ನಾನು ಅಂದುಕೊಂಡಿದ್ದೆ. ಅಲ್ಲ, ಮುಂದಿನ ಗಾಜಿನ ರಬ್ಬರ್ ಮೂಲೆಯಲ್ಲಿ ಬಿರುಕು ಬಿಟ್ಟು, ಅಲ್ಲಿಂದ ಇಳಿದ ನೀರು ಡ್ಯಾಶ್‌ಬೋರ್ಡ್ ಹಿಂದಿನಿಂದ ಹರಿದು ಮ್ಯಾಟ್ ಕೆಳಗೆ ಸೇರುತ್ತಿತ್ತು. ಆ ರಬ್ಬರ್ ಬದಲಿಸದೆ ಫ್ಲೋರ್‌ಗೆ ಎಷ್ಟು ತೇಪೆ ಹಾಕಿದರೂ ದಂಡವೇ.

ಇಲ್ಲಿ ಒಂದು ಗೆರೆ ಎಳೆದುಬಿಡುತ್ತೇನೆ. ಬಾಗಿಲು, ಮಡ್‌ಗಾರ್ಡ್, ಫುಟ್‌ಬೋರ್ಡ್ ಹೊದಿಕೆ, ಹಿಂದಿನ ಬಾಡಿಯ ಪಕ್ಕದ ತಗಡು, ಫ್ಲೋರ್‌ನ ಸಣ್ಣ ತೇಪೆ, ಇವು ಮನೆಯಲ್ಲಿ ಮಾಡುವ ಕೆಲಸ. ಚಾಸಿಸ್, ಕಮಾನ್ ಪಟ್ಟೆ (ಲೀಫ್ ಸ್ಪ್ರಿಂಗ್) ಕೂರುವ ಬ್ರಾಕೆಟ್, ಕ್ಯಾಬಿನ್ ಚಾಸಿಸ್ ಮೇಲೆ ಕೂರುವ ಜಾಗ, ಬಾಗಿಲ ಹಿಂಜ್ ಹಿಡಿದಿರುವ ಕಂಬ, ಸ್ಟೀರಿಂಗ್ ಬಾಕ್ಸ್ ಸುತ್ತ, ಇಲ್ಲೆಲ್ಲ ತುಕ್ಕು ಕಂಡರೆ ಮನೆಯಲ್ಲಿ ಮುಟ್ಟಬೇಡಿ. ಅದು ಅಂದದ ವಿಷಯ ಅಲ್ಲ, ಜೀವದ ವಿಷಯ. ತಿಳಿದವರ ಹತ್ತಿರ ಒಯ್ಯಿರಿ.

ಯಾವಾಗ ಮಾಡುವುದು

ಸಂಕ್ರಾಂತಿ ಕಳೆದ ಮೇಲೆ, ಶಿವರಾತ್ರಿ ಆಚೀಚೆ. ನಮ್ಮ ಕಡೆ ಆಗ ಗಾಳಿ ಒಣಗಿರುತ್ತದೆ, ಬಿಸಿಲು ಇನ್ನೂ ಸುಡುವುದಿಲ್ಲ, ಮಾವಿನ ಸುಗ್ಗಿಗೆ ಟೈಮ್ ಇರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಬೇಡವೇ ಬೇಡ. ಆಷಾಢದಲ್ಲಿ ಗಾಳಿಗೆ ಮರೆ ಮಾಡಿಕೊಂಡು ವೆಲ್ಡಿಂಗ್ ಮಾಡಬಹುದು, ಆ ಗಾಳಿಯಲ್ಲಿ ಬಣ್ಣ ಮಾತ್ರ ಹೊಡೆಯಬೇಡಿ, ಊರಿನ ದೂಳೆಲ್ಲ ಅದರ ಮೇಲೆ ಕೂರುತ್ತದೆ. ಪಕ್ಕದ ಕಣದಲ್ಲಿ ರಾಗಿ ಒಕ್ಕಣೆ ನಡೆಯುತ್ತಿದ್ದರೂ ಅಷ್ಟೇ.

ಕೈ ಹಾಕುವ ಮುಂಚೆ ಬ್ಯಾಟರಿ ಬಿಚ್ಚಿ, ಮೊದಲು ನೆಗೆಟಿವ್. ವೆಲ್ಡಿಂಗ್ ಇದ್ದರೆ ಆಲ್ಟರ್ನೇಟರ್ ವೈರ್‌ಗಳನ್ನೂ ಬಿಚ್ಚಿಡಿ. ಡೀಸೆಲ್ ಟ್ಯಾಂಕ್ ಹತ್ತಿರ ಕಿಡಿ ಹಾರುವ ಕೆಲಸ ಇದ್ದರೆ ಟ್ಯಾಂಕ್ ಇಳಿಸಿ ದೂರ ಇಡಿ, ಬಟ್ಟೆ ಮುಚ್ಚಿದರೆ ಸಾಕು ಅಂದುಕೊಳ್ಳಬೇಡಿ. ಮ್ಯಾಟ್, ಸೀಟಿನ ಫೋಮ್, ರೆಕ್ಸಿನ್ ಎಲ್ಲ ಹೊರಗೆ. ಒಂದು ಬಕೆಟ್ ಮರಳು, ಒಂದು ಬಕೆಟ್ ನೀರು ಕೈಗೆಟುಕುವಲ್ಲಿ. ಗ್ರೈಂಡರ್‌ನ ಗಾರ್ಡ್ ತೆಗೆಯಬೇಡಿ. ಕಣ್ಣಿಗೆ ಕನ್ನಡಕ, ಮೂಗಿಗೆ ಸರಿಯಾದ ಮಾಸ್ಕ್. ಲುಂಗಿ ಬೇಡ, ಹೆಗಲ ಮೇಲಿನ ಟವೆಲ್ ಬೇಡ, ಗ್ರೈಂಡರ್ ಬಟ್ಟೆಯನ್ನು ಎಳೆದುಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಹಾಗಾಗಿ ಉಜ್ಜುವಾಗ ಮಕ್ಕಳನ್ನು ಹತ್ತಿರ ಬಿಡಬೇಡಿ, ಕೆಲಸ ಆದ ಮೇಲೆ ಆ ದೂಳನ್ನು ಒದ್ದೆ ಮಾಡಿ ಗುಡಿಸಿ ತೆಗೆಯಿರಿ.

ತೂತಾಗದ ತುಕ್ಕು

ಇದು ಸುಲಭ ಅನ್ನಿಸುತ್ತದೆ. ಜಾಸ್ತಿ ಜನ ಎಡವುವುದೂ ಇಲ್ಲೇ. ಗ್ರೈಂಡರ್‌ಗೆ ವೈರ್ ಕಪ್ ಹಾಕಿ ಉಜ್ಜುತ್ತೀರಿ, ಎರಡು ನಿಮಿಷದಲ್ಲಿ ಕಪ್ಪಗೆ ಮಿರಿಮಿರಿ ಅನ್ನುತ್ತದೆ, ಮುಗಿಯಿತು ಅಂದುಕೊಳ್ಳುತ್ತೀರಿ. ಆ ಕಪ್ಪು ಮಿಂಚು ಕಬ್ಬಿಣ ಅಲ್ಲ, ಪಾಲಿಶ್ ಆದ ತುಕ್ಕು. ಒಳ್ಳೆ ತಗಡು ಬೂದಿ ಬೆಳ್ಳಿ ಬಣ್ಣ ಇರುತ್ತದೆ. ವೈರ್ ಕಪ್‌ನಿಂದ ಸಡಿಲ ತುಕ್ಕು ಮಾತ್ರ ತೆಗೆಯಿರಿ, ಆಮೇಲೆ 80ರ ಫ್ಲ್ಯಾಪ್ ಡಿಸ್ಕ್ ಅಥವಾ 80ರ ಎಮರಿ (ನಂಬರ್ ಹೆಚ್ಚಿದಷ್ಟೂ ನಯ). ಒಂದೇ ಜಾಗದಲ್ಲಿ ಗ್ರೈಂಡರ್ ನಿಲ್ಲಿಸಬೇಡಿ. ತಗಡು ಕಾದು ಸೊಟ್ಟಗಾಗುತ್ತದೆ, ತೆಳುವೂ ಆಗುತ್ತದೆ.

ಸೂಜಿ ಚುಚ್ಚಿದಂಥ ಹೊಂಡಗಳಲ್ಲಿ ತುಕ್ಕು ಉಳಿದೇ ಉಳಿಯುತ್ತದೆ. ಅದಕ್ಕೆ ಫಾಸ್ಫಾರಿಕ್ ಆಸಿಡ್ ಇರುವ ತುಕ್ಕು ತೆಗೆಯುವ ದ್ರವ ಪೇಂಟ್ ಅಂಗಡಿಯಲ್ಲಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಕೈಗವಸು ಹಾಕಿ, ಬ್ರಷ್‌ನಲ್ಲಿ ಹಚ್ಚಿ, ಡಬ್ಬದ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ತುಕ್ಕು ಫಾಸ್ಫೇಟ್ ಆಗಿ ತಿರುಗುತ್ತದೆ. ಒಣಗಲು ಬಿಡದೆ ಉಜ್ಜಿ ತೊಳೆದು, ಕೂಡಲೇ ಒರೆಸಿ ಬಿಸಿಲಿಗೆ ಒಣಗಿಸಿ. ಆಸಿಡ್ ಅಂಶ ಉಳಿದರೆ ಮೇಲೆ ಹೊಡೆಯುವ ಪ್ರೈಮರ್ ಹಿಡಿಯುವುದಿಲ್ಲ. ಬಾತ್‌ರೂಮ್ ತೊಳೆಯುವ ಆಸಿಡ್ ಮಾತ್ರ ಬಳಸಬೇಡಿ. ಅದು ಹೈಡ್ರೋಕ್ಲೋರಿಕ್ ಆಸಿಡ್, ಕ್ಷಣದಲ್ಲಿ ತುಕ್ಕು ತೆಗೆಯುತ್ತದೆ, ಆದರೆ ಹೊಂಡದೊಳಗೆ ಕ್ಲೋರೈಡ್ ಬಿಟ್ಟು ಹೋಗುತ್ತದೆ, ಒಂದೇ ರಾತ್ರಿಯಲ್ಲಿ ಮೊದಲಿಗಿಂತ ಜಾಸ್ತಿ ತುಕ್ಕು ಏಳುತ್ತದೆ. ಬಿಚ್ಚಿದ ಬೋಲ್ಟು, ನಟ್ಟು, ಹಿಂಜ್ ಪಿನ್ನುಗಳನ್ನು ಹುಣಸೆಹಣ್ಣಿನ ನೀರಿನಲ್ಲಿ ಒಂದು ರಾತ್ರಿ ನೆನೆಸಿಟ್ಟು ಬೆಳಗ್ಗೆ ಬ್ರಷ್ ಹಾಕಿದರೆ ಸಾಕು, ಚೆನ್ನಾಗಿ ಬಿಡುತ್ತದೆ. ತೊಳೆದು ಒಣಗಿಸಿ ಎಣ್ಣೆ ಸವರಿ.

ತೂತಾದ ತಗಡು

ಕತ್ತರಿಸಲು ಮನಸ್ಸು ಬರುವುದಿಲ್ಲ, ಗೊತ್ತು. ಬೆರಳಷ್ಟು ತೂತಿಗೆ ಯಾಕೆ ಅಂಗೈ ಅಗಲ ಕತ್ತರಿಸಬೇಕು ಅಂತ ನಾನೂ ಚಾಚಾನ ಕೇಳಿದ್ದೆ. ಅವರು ತೂತಿನ ಅಂಚನ್ನು ಇಕ್ಕಳದಲ್ಲಿ ಹಿಡಿದು ಬಗ್ಗಿಸಿದರು, ಬಿಸ್ಕತ್ತಿನಂತೆ ಮುರಿಯಿತು. ಮುರಿಯುತ್ತಾ ಹೋಗಿ ಎಲ್ಲಿ ಬಗ್ಗಿತೋ ಅಲ್ಲಿಗೆ ನಿಲ್ಲಿಸಿ, "ಇಲ್ಲಿಂದ ಎರಡು ಬೆರಳು ಆಚೆ ಕತ್ತರಿಸು" ಅಂದರು. ತೆಳುವಾದ ತಗಡಿಗೆ ವೆಲ್ಡಿಂಗ್ ಹಿಡಿಯುವುದಿಲ್ಲ, ಬೆಂಕಿ ತಾಗಿದ ಕೂಡಲೇ ತೂತು ದೊಡ್ಡದಾಗುತ್ತದೆ. ಹೊರಗಿನಿಂದ ಚೆನ್ನಾಗಿ ಕಂಡರೂ ಬೆನ್ನಿನ ಕಡೆ ಬೆರಳಾಡಿಸಿ ನೋಡಿಯೇ ಗೆರೆ ಎಳೆಯಿರಿ. ಮೂಲೆಗಳನ್ನು ಗುಂಡಗೆ ಇಡಿ, ಚೂಪು ಮೂಲೆಯಿಂದ ಬಿರುಕು ಶುರುವಾಗುತ್ತದೆ.

ಮೊದಲು ರಟ್ಟಿನಲ್ಲಿ ಅಳತೆ ಮಾಡಿ. ಮದುವೆ ಕಾರ್ಡಿನ ರಟ್ಟು ಇದಕ್ಕೆ ತುಂಬ ಚೆನ್ನ, ಬಗ್ಗುತ್ತದೆ, ಮಡಿಕೆ ನಿಲ್ಲುತ್ತದೆ. ಅದು ಸರಿಯಾಗಿ ಕೂತ ಮೇಲೆ ತಗಡಿನ ಮೇಲೆ ಇಟ್ಟು ಗೆರೆ ಹಾಕಿ. ತಗಡು ಸಿಆರ್ ಶೀಟ್ (ಕೋಲ್ಡ್ ರೋಲ್ಡ್, ಸತುವಿನ ಲೇಪ ಇಲ್ಲದ ನಯ ತಗಡು) ಇರಲಿ. ಬಾಗಿಲಿಗೆ, ಮಡ್‌ಗಾರ್ಡ್‌ಗೆ 20 ಗೇಜ್, ಅಂದರೆ ಸುಮಾರು 0.9 ಮಿಲಿಮೀಟರ್. ಫ್ಲೋರ್‌ಗೆ, ಫುಟ್‌ಬೋರ್ಡ್‌ಗೆ 18 ಗೇಜ್, ಸುಮಾರು 1.2 ಮಿಲಿಮೀಟರ್. ಗುಜರಿಯಲ್ಲಿ ಅದೇ ಗಾಡಿಯ ಹಳೇ ಬಾಗಿಲು ಸಿಕ್ಕರೆ ಅದರಿಂದ ಕತ್ತರಿಸಿಕೊಳ್ಳುವುದು ಇನ್ನೂ ಒಳ್ಳೆಯದು, ಮಡಿಕೆಗಳು ರೆಡಿಯಾಗೇ ಬರುತ್ತವೆ. ಸತು ಲೇಪಿಸಿದ ಜಿಐ ತಗಡು ಬೇಡ. ಸತುವಿನ ಹೊಗೆ ಕುಡಿದರೆ ಅವತ್ತು ರಾತ್ರಿ ಚಳಿಜ್ವರ ಬರುತ್ತದೆ, ವೆಲ್ಡಿಂಗ್ ಕೂಡ ಸರಿಯಾಗಿ ಕೂರುವುದಿಲ್ಲ. ಬಗ್ಗಿಸಲು ಮನೆಯಲ್ಲಿ ಯಂತ್ರ ಬೇಕಿಲ್ಲ. ಎರಡು ಆಂಗ್ಲರ್ ಪಟ್ಟಿ (L ಆಕಾರದ ಕಬ್ಬಿಣ) ನಡುವೆ ಹಿಡಿದು ತಟ್ಟಿದರೆ ನೇರ ಮಡಿಕೆ, ಬೋರ್‌ವೆಲ್ ಪೈಪಿನ ಮೇಲೆ ಒತ್ತಿದರೆ ದುಂಡು ಬಾಗು.

ತೇಪೆಯನ್ನು ಅಂಚಿಗೆ ಅಂಚು ಕೂರಿಸುವುದು ಉತ್ತಮ, ನಡುವೆ ಒಂದು ಮಿಲಿಮೀಟರ್ ಸಂದಿ ಬಿಟ್ಟು. ಕೈ ಪಳಗದವರಿಗೆ ಅದು ಕಷ್ಟ. ಒಂದರ ಮೇಲೊಂದು ಹಾಯಿಸಿ ಹಾಕಬಹುದು, ಆದರೆ ಹೆಂಚು ಹೊದಿಸಿದಂತೆ ಹಾಕಿ, ಮೇಲಿನ ತಗಡು ಹೊರಗೆ, ಕೆಳಗಿನದು ಒಳಗೆ. ಹೊರಗೆ ಹರಿಯುವ ನೀರು ಜಾರಿ ಹೋಗಬೇಕು, ಸಂದಿಗೆ ನುಗ್ಗಬಾರದು. ನಾನು ನೋಡಿದ ಎಷ್ಟೋ ಗಾಡಿಗಳಲ್ಲಿ ತೇಪೆಯನ್ನು ಮೇಲಿನಿಂದ ಅಂಟಿಸಿ ಅದರ ಮೇಲಂಚನ್ನೇ ನೀರಿಗೆ ಬಾಯಿ ತೆರೆದು ಬಿಟ್ಟಿದ್ದರು. ಅಂಥ ತೇಪೆಯೇ ಹೊಸ ತುಕ್ಕಿನ ಬೀಜ.

ಕೂಡಿಸುವುದು

ತಂತಿಯನ್ನು ತಾನೇ ಮುಂದೂಡುತ್ತಾ ಗ್ಯಾಸಿನ ಮರೆಯಲ್ಲಿ ವೆಲ್ಡ್ ಮಾಡುವ ಮಿಗ್ ಮೆಷಿನ್ ಬಾಡಿಗೆಗೆ ಸಿಕ್ಕರೆ ಅದೇ ಸರಿ. 0.8 ಮಿಲಿಮೀಟರ್ ತಂತಿ, ಸಿಕ್ಕರೆ 0.6, ಸಿಒ2 ಗ್ಯಾಸ್. ಮೊದಲು ನಾಲ್ಕು ಮೂಲೆಗೆ ಒಂದೊಂದು ಟ್ಯಾಕ್ (ಚುಕ್ಕಿ ವೆಲ್ಡ್), ಆಮೇಲೆ ಎದುರು ಬದುರಾಗಿ ಒಂದು ಇಂಚಿಗೊಂದು ಟ್ಯಾಕ್, ಆಮೇಲೆ ನಡುವೆ ತುಂಬುತ್ತಾ ಬನ್ನಿ. ಒಂದೇ ಉಸಿರಿಗೆ ಉದ್ದಕ್ಕೂ ಗೆರೆ ಎಳೆದರೆ ತಗಡು ಅಲೆ ಅಲೆಯಾಗಿ ಎದ್ದುಬಿಡುತ್ತದೆ, ಅದನ್ನು ಮತ್ತೆ ಸಮ ಮಾಡುವುದು ವೆಲ್ಡಿಂಗ್‌ಗಿಂತ ದೊಡ್ಡ ಕೆಲಸ. ಒಂದು ಟ್ಯಾಕ್ ಹಾಕಿ, ಕೈಯಿಟ್ಟರೆ ತಡೆಯುವಷ್ಟು ಆರಲು ಬಿಟ್ಟು, ಇನ್ನೊಂದು ಕಡೆ ಹೋಗಿ. ನೀರು ಎರಚಿ ಆರಿಸಬೇಡಿ.

ಆರ್ಕ್ ವೆಲ್ಡಿಂಗ್‌ನಲ್ಲಿ 20 ಗೇಜ್ ತಗಡು ಕೂಡಿಸುವುದು ಪಳಗಿದವರಿಗೂ ಕಷ್ಟ. 2 ಮಿಲಿಮೀಟರ್ ರಾಡ್, ಕಡಿಮೆ ಆಂಪಿಯರ್ ಇಟ್ಟು ಚುಕ್ಕಿ ಚುಕ್ಕಿಯಾಗಿ ಹಾಕುವವರಿದ್ದಾರೆ, ನನ್ನ ಕೈಯಲ್ಲಂತೂ ಆಗಲಿಲ್ಲ, ಗೇಟು ಮಾಡುವ ಹುಡುಗನನ್ನು ಕರೆದೆ. ನನ್ನ ಸಲಹೆ ಇದೇ: ಕತ್ತರಿಸುವುದು, ಅಳತೆ, ತೇಪೆ ತಯಾರಿ, ಶುಚಿ, ಪ್ರೈಮರ್, ಪುಟ್ಟಿ ಎಲ್ಲ ನೀವು ಮಾಡಿ, ವೆಲ್ಡಿಂಗ್ ಒಂದಕ್ಕೆ ಅರ್ಧ ದಿನದ ಕೂಲಿ ಕೊಟ್ಟು ಕರೆಸಿ. ಮನೆಯ ಲೈನಿನಿಂದ ಮೆಷಿನ್ ಓಡಿಸುವುದಾದರೆ ದಪ್ಪ ವೈರ್ ಎಳೆಯಿರಿ. ಫ್ಯಾನಿನ ಸಾಕೆಟ್‌ನಿಂದ ತೆಳು ವೈರಿನಲ್ಲಿ ಎಳೆದರೆ ವೈರ್ ಸುಟ್ಟು ಹೋಗುತ್ತದೆ.

ವೆಲ್ಡಿಂಗ್ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ: ರಿವೆಟ್ ಮತ್ತು ಪಾಲಿಯುರಿಥೇನ್ ಸೀಲಂಟ್. ಬಾಗಿಲ ಹೊರ ತಗಡು, ಮಡ್‌ಗಾರ್ಡ್, ಹಿಂದಿನ ಬಾಡಿಯ ಪಕ್ಕ, ಇಷ್ಟಕ್ಕೆ ಮಾತ್ರ. ತೇಪೆಯ ಅಂಚಿಗೆ ಪ್ರೈಮರ್ ಹೊಡೆದು ಒಣಗಿಸಿ, ಸೀಲಂಟ್ ಗೆರೆ ಎಳೆದು ಒತ್ತಿ, ಒಂದೂವರೆ ಇಂಚಿಗೊಂದು 4 ಮಿಲಿಮೀಟರ್ ರಿವೆಟ್. ಸಾಧ್ಯವಾದರೆ ಕಬ್ಬಿಣದ ರಿವೆಟ್ಟೇ ತನ್ನಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಅಲ್ಯೂಮಿನಿಯಂ ರಿವೆಟ್ ಮತ್ತು ಕಬ್ಬಿಣದ ತಗಡಿನ ನಡುವೆ ನೀರು ನಿಂತರೆ ಆ ಜೋಡಿಯೇ ಸವೆಯಲು ಶುರುವಾಗುತ್ತದೆ. ಅದನ್ನೇ ಬಳಸುವುದಾದರೆ ಪ್ರೈಮರ್‌ನಲ್ಲಿ ಅದ್ದಿ ಹಾಕಿ. ಫೈಬರ್ ಮ್ಯಾಟ್ ಅಂಟಿಸಿ ತೂತು ಮುಚ್ಚುವುದನ್ನು ನಾನು ಒಪ್ಪುವುದಿಲ್ಲ. ಹಿಂದೆ ತುಕ್ಕು ಹಾಗೇ ಇದ್ದರೆ ಫೈಬರ್ ಗಟ್ಟಿಯಾಗಿದ್ದು ಅದನ್ನು ಹಿಡಿದ ತಗಡೇ ಕರಗಿ ಹೋಗುತ್ತದೆ.

ವೆಲ್ಡಿಂಗ್ ಆದ ಮೇಲೆ ಗುಬ್ಬುಗಳನ್ನು ಮಾತ್ರ ಗ್ರೈಂಡ್ ಮಾಡಿ. ರಾತ್ರಿ ಆಗಲಿ, ಟಾರ್ಚನ್ನು ಒಳಗಿಟ್ಟು ಹೊರಗೆ ನಿಂತು ನೋಡಿ. ನಕ್ಷತ್ರದ ಹಾಗೆ ಚುಕ್ಕಿ ಬೆಳಕು ಕಂಡರೆ ಅಲ್ಲೆಲ್ಲ ಸೂಜಿ ತೂತು. ಸೀಮೆಸುಣ್ಣದಲ್ಲಿ ಗುರುತು ಹಾಕಿ, ಬೆಳಗ್ಗೆ ಒಂದೊಂದು ಟ್ಯಾಕ್ ಹಾಕಿ ಮುಚ್ಚಿ. ನಮ್ಮ ಬಾಗಿಲಲ್ಲಿ ಹದಿನಾಲ್ಕು ಸಿಕ್ಕವು. ಪುಟ್ಟಿ ಮುಚ್ಚುತ್ತದೆ ಬಿಡು ಅಂತ ಬಿಟ್ಟಿದ್ದರೆ ಆ ಹದಿನಾಲ್ಕರಿಂದಲೂ ನೀರು ಪುಟ್ಟಿಯ ಬೆನ್ನಿಗೆ ಸೇರುತ್ತಿತ್ತು.

ಪ್ರೈಮರ್, ಪುಟ್ಟಿ

ಸೂಜಿ ತೂತೆಲ್ಲ ಮುಚ್ಚಿದ ಮೇಲೆ ಬರಿ ತಗಡನ್ನು ಇನ್ನೊಂದು ರಾತ್ರಿ ಬಿಡಬೇಡಿ. ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಆಮೇಲೆ ಬೆರಳು ತಾಗಿಸದೆ ಅವತ್ತೇ ಎಪಾಕ್ಸಿ ಪ್ರೈಮರ್ ಹಾಕಿ. ಎರಡು ಡಬ್ಬ ಬೆರೆಸುವಂಥದ್ದು, ಅಳತೆ ಡಬ್ಬದ ಮೇಲಿರುತ್ತದೆ. ರೆಡ್ ಆಕ್ಸೈಡ್ ಅಗ್ಗ, ಗೇಟು ಕಿಟಕಿಗೆ ನಡೆಯುತ್ತದೆ, ಆದರೆ ನೀರನ್ನು ತಡೆಯುವುದರಲ್ಲಿ ಎಪಾಕ್ಸಿಗೆ ಸಮ ಅಲ್ಲ, ಅದರ ಮೇಲೆ ಪುಟ್ಟಿ ಹಾಕಿದರೆ ಕೆಲವೊಮ್ಮೆ ಪುಟ್ಟಿಯ ರಸ ಅದನ್ನು ಮೆತ್ತಗೆ ಮಾಡಿ ಎಬ್ಬಿಸಿಬಿಡುತ್ತದೆ. ದುಡ್ಡು ಉಳಿಸುವುದಿದ್ದರೆ ಬಣ್ಣದಲ್ಲಿ ಉಳಿಸಿ, ಪ್ರೈಮರ್‌ನಲ್ಲಿ ಬೇಡ.

ಪುಟ್ಟಿ ಇರುವುದು ಏರುತಗ್ಗು ಸಮ ಮಾಡಲು, ತೂತು ತುಂಬಲು ಅಲ್ಲ. ಒಟ್ಟು ದಪ್ಪ 3 ಮಿಲಿಮೀಟರ್ ದಾಟದಿರಲಿ. ಅದಕ್ಕಿಂತ ಜಾಸ್ತಿ ಬೇಕು ಅನ್ನಿಸಿದರೆ ಸುತ್ತಿಗೆ ಮತ್ತು ಡಾಲಿ (ತಗಡಿನ ಹಿಂದೆ ಆನಿಸುವ ಕಬ್ಬಿಣದ ಗಟ್ಟಿ) ಹಿಡಿದು ತಗಡನ್ನೇ ಇನ್ನೊಮ್ಮೆ ತಟ್ಟಿ ಸರಿಮಾಡಿ. ನಿಂಬೆಹಣ್ಣಿನಷ್ಟು ಪುಟ್ಟಿಗೆ ಒಂದು ಕಡಲೆಬೀಜದಷ್ಟು ಹಾರ್ಡ್‌ನರ್, ತೂಕದ ಲೆಕ್ಕದಲ್ಲಿ 100 ಗ್ರಾಂಗೆ 2 ಗ್ರಾಂ. ಜಾಸ್ತಿ ಹಾಕಿದರೆ ಬೇಗ ಆಗುತ್ತದೆ ಅಂತ ಸುರಿದರೆ ಮೇಲಿನ ಬಣ್ಣದಲ್ಲಿ ಕಲೆ ಏಳುತ್ತದೆ. ರಟ್ಟಿನ ಮೇಲೆ ಕಲೆಸಬೇಡಿ, ಒಂದು ಹಳೇ ಟೈಲ್ಸ್ ತುಂಡಿನ ಮೇಲೆ ಕಲೆಸಿ, ಗರಗರ ತಿರುಗಿಸದೆ ಮಡಿಚಿ ಒತ್ತಿ ಮಡಿಚಿ ಒತ್ತಿ ಬೆರೆಸಿ, ಇಲ್ಲದಿದ್ದರೆ ಗಾಳಿ ಗುಳ್ಳೆ ಸೇರಿಕೊಳ್ಳುತ್ತದೆ. ಬೆಳಗ್ಗೆ ಹತ್ತರೊಳಗೆ ಈ ಕೆಲಸ ಮುಗಿಸಿ. ಮಧ್ಯಾಹ್ನದ ಬಿಸಿಲಲ್ಲಿ ಕಲೆಸುತ್ತಿರುವಾಗಲೇ ಗಟ್ಟಿಯಾಗುತ್ತದೆ.

ಉಜ್ಜುವುದು ಒಣಗಿಸಿಯೇ. 80, ಆಮೇಲೆ 120, ಆಮೇಲೆ 180, ಮರದ ತುಂಡಿಗೆ ಎಮರಿ ಸುತ್ತಿಕೊಂಡು. ಬರಿ ಪುಟ್ಟಿಯ ಮೇಲೆ ವಾಟರ್ ಪೇಪರ್ ಹಾಕುವುದು ನಮ್ಮ ಕಡೆ ಎಲ್ಲರೂ ಮಾಡುವ ತಪ್ಪು. ಪುಟ್ಟಿ ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ, ಆ ನೀರು ಬಣ್ಣದ ಕೆಳಗೆ ಸಿಕ್ಕಿಕೊಂಡು ಆರು ತಿಂಗಳಿಗೆ ಗುಳ್ಳೆಯಾಗಿ ಹೊರಗೆ ಬರುತ್ತದೆ. ಸಮ ಆಯಿತೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ಅಂಗೈ ಕೆಳಗೆ ತೆಳು ಬಟ್ಟೆ ಇಟ್ಟು, ಕಣ್ಣು ಮುಚ್ಚಿ ಸವರಿ. ನನಗೆ ಈ ಇಡೀ ಕೆಲಸದಲ್ಲಿ ತುಂಬ ಇಷ್ಟವಾದದ್ದು ಇದೇ. ಮೊದಲ ದಿನ ಏನೂ ತಿಳಿಯುವುದಿಲ್ಲ, ಮೂರನೇ ದಿನಕ್ಕೆ ಕೂದಲೆಳೆಯಷ್ಟು ಏರೂ ಅಂಗೈಗೆ ಗೊತ್ತಾಗುತ್ತದೆ.

ಬಣ್ಣ

ಪ್ರೈಮರ್ ಸರ್ಫೇಸರ್ ಎರಡು ಕೈ, ಒಣಗಿದ ಮೇಲೆ 400ರ ವಾಟರ್ ಪೇಪರ್. ಈಗ ನೀರು ಹಾಕಬಹುದು, ಪುಟ್ಟಿ ಮುಚ್ಚಿಹೋಗಿದೆ. ಆದರೂ ತೊಳೆದು ಪೂರ್ತಿ ಒಣಗಿಸಿ.

ಕೆಲಸದ ಗಾಡಿಗೆ ಸಿಂಥೆಟಿಕ್ ಎನಾಮೆಲ್ ಸಾಕು. ಅಗ್ಗ, ಬ್ರಷ್‌ನಲ್ಲೂ ಹೊಡೆಯಬಹುದು, ಒಣಗಲು ಒಂದು ರಾತ್ರಿ ಬೇಕು, ಅಷ್ಟೇ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ಬೇಗ ಒಣಗುತ್ತದೆ, ಆದರೆ ತೆಳು, ಹಲವು ಕೈ ಬೇಕು. ಹಾರ್ಡ್‌ನರ್ ಬೆರೆಸುವ ಪಿಯು (ಪಾಲಿಯುರಿಥೇನ್) ಬಣ್ಣ ನೋಡಲು ಗಾಜಿನ ಹಾಗಿರುತ್ತದೆ, ಆದರೆ ಮನೆಯಲ್ಲಿ ಸ್ಪ್ರೇ ಮಾಡಬೇಡಿ. ಅದರಲ್ಲಿರುವ ಐಸೊಸೈನೇಟ್ ಉಸಿರಲ್ಲಿ ಸೇರಿದರೆ ಆಸ್ತಮಾ ಬರಬಹುದು, ಸಾದಾ ಮಾಸ್ಕ್ ತಡೆಯುವುದಿಲ್ಲ. ಅದು ಬೇಕೇ ಬೇಕು ಅಂದರೆ ಸ್ಪ್ರೇ ಬೂತ್ (ಬಣ್ಣ ಹೊಡೆಯುವ ಮುಚ್ಚಿದ ಕೋಣೆ) ಇರುವವರ ಹತ್ತಿರ ಹೊಡೆಸಿ.

ಬಣ್ಣ ಹೊಂದಿಸಲು ಅಂಗಡಿಗೆ ಹೋಗುವಾಗ ಗಾಡಿಯಿಂದ ಬಿಚ್ಚಬಹುದಾದ ಸಣ್ಣ ತಗಡೊಂದನ್ನು ಒಯ್ಯಿರಿ, ಮೊದಲು ಅದಕ್ಕೆ ಕಾಂಪೌಂಡ್ ಹಾಕಿ ಉಜ್ಜಿ ಬಿಸಿಲು ತಿಂದ ಪದರ ತೆಗೆದಿರಿ. ಪೂರ್ತಿ ಬೇರೆ ಬಣ್ಣ ಹೊಡೆಯುವ ಯೋಚನೆ ಇದ್ದರೆ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಹೊಸ ಬಣ್ಣ ಸೇರಿಸಬೇಕಾಗುತ್ತದೆ. ಹೊಡೆಯುವ ಜಾಗಕ್ಕೆ ಮುಂಚೆಯೇ ನೀರು ಚಿಮುಕಿಸಿ ದೂಳು ಕೂರಿಸಿ. ಕಂಪ್ರೆಸರ್ ಟ್ಯಾಂಕಿನ ನೀರನ್ನು ಕೆಳಗಿನ ನಲ್ಲಿಯಿಂದ ಬಿಟ್ಟುಬಿಡಿ. ತಗಡು ಕೈ ಸುಡುವಷ್ಟು ಕಾದಿರಬಾರದು, ಇಬ್ಬನಿಯೂ ಇರಬಾರದು. ಒಂದು ಗೇಣು ದೂರದಿಂದ, ಒಂದು ಪಟ್ಟೆಯ ಅರ್ಧದ ಮೇಲೆ ಇನ್ನೊಂದು ಪಟ್ಟೆ ಬರುವಂತೆ, ತೆಳುವಾಗಿ ಮೂರು ಕೈ. ಸಂಜೆ ದೀಪ ಹಾಕಿಕೊಂಡು ಹೊಡೆಯಬೇಡಿ, ಹುಳ ಬಂದು ಕೂರುತ್ತವೆ.

ಬೆನ್ನಿನ ಕಡೆ

ಹೊರಗೆ ಹೊಳೆಯುವುದನ್ನು ನೋಡಿ ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ದಯವಿಟ್ಟು ನಿಲ್ಲಿಸಬೇಡಿ. ವೆಲ್ಡಿಂಗ್ ಶಾಖಕ್ಕೆ ತಗಡಿನ ಬೆನ್ನಿನ ಬಣ್ಣ ಸುಟ್ಟು ಹೋಗಿರುತ್ತದೆ, ಅಲ್ಲಿಂದಲೇ ಮತ್ತೆ ಶುರುವಾಗುತ್ತದೆ. ಬಾಗಿಲ ಒಳಗಿನ ಪ್ಯಾಡ್ ಬಿಚ್ಚಿ, ಕೈ ಹೋಗುವಲ್ಲಿ ಬ್ರಷ್‌ನಿಂದ ಎಪಾಕ್ಸಿ ಪ್ರೈಮರ್ ಬಳಿಯಿರಿ, ಕೈ ಹೋಗದಲ್ಲಿ ಉದ್ದ ಟ್ಯೂಬ್ ಇರುವ ಕ್ಯಾವಿಟಿ ವ್ಯಾಕ್ಸ್ ಸ್ಪ್ರೇ ಮಾಡಿ. ಎರಡು ತಗಡು ಸೇರುವ ಗೆರೆಗೆಲ್ಲ ಸೀಮ್ ಸೀಲರ್. ಸೀಲರ್ ಹಚ್ಚುವಾಗ ತಳದ ನೀರಿನ ತೂತುಗಳು ಮುಚ್ಚದಂತೆ ಅವುಗಳಲ್ಲಿ ಬೆಂಕಿಕಡ್ಡಿ ಚುಚ್ಚಿಟ್ಟಿರಿ, ಆಮೇಲೆ ಎಳೆದು ತೆಗೆಯಿರಿ.

ಸುಟ್ಟ ಇಂಜಿನ್ ಆಯಿಲ್ ಬಳಿಯುವುದು ನಮ್ಮಲ್ಲಿ ಹಳೇ ರೂಢಿ. ತುಕ್ಕನ್ನು ಸ್ವಲ್ಪ ತಡೆಯುತ್ತದೆ ನಿಜ, ಆದರೆ ರಬ್ಬರ್ ಹಾಳಾಗುತ್ತದೆ, ಹೊಲದಲ್ಲಿ ನಿಂತಾಗ ಮಣ್ಣಿಗೆ ತೊಟ್ಟಿಕ್ಕುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ. ತರಕಾರಿ ಹೊರುವ ಗಾಡಿಗೆ ಅದನ್ನು ಬಳಿಯಲು ನನಗೆ ಮನಸ್ಸು ಒಪ್ಪಲಿಲ್ಲ. ಗಾಡಿಯ ಅಡಿಭಾಗಕ್ಕೆ ಕಪ್ಪು ಅಂಡರ್‌ಬಾಡಿ ಕೋಟಿಂಗ್ ಹೊಡೆಸುವುದಿದ್ದರೆ ತುಕ್ಕು ಪೂರ್ತಿ ತೆಗೆದು, ಪ್ರೈಮರ್ ಆದ ಮೇಲೆ ಮಾತ್ರ. ತುಕ್ಕಿನ ಮೇಲೆ ಹೊಡೆದರೆ ಅದು ನೀರನ್ನು ಒಳಗೆ ಬಂಧಿಸಿಡುತ್ತದೆ.

ಎಫ್‌ಸಿಗೆ ಹೋಗುವ ಮುಂಚೆ ರಿಫ್ಲೆಕ್ಟರ್ ಟೇಪ್ ಮತ್ತೆ ಅಂಟಿಸಿ, ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ಅಳಿಸಿಹೋದ ತೂಕದ ವಿವರ ಬರೆಸಿ. ಬಣ್ಣ ಚೆನ್ನಾಗಿ ಗಟ್ಟಿಯಾಗಲು ಒಂದೆರಡು ವಾರ ಬಿಟ್ಟು ಟೇಪ್ ಅಂಟಿಸಿದರೆ ಕಿತ್ತು ಬರುವುದಿಲ್ಲ.

ಇನ್ನು ಗಾಡಿ ದುಡಿಯುವಾಗ: ಗೊಬ್ಬರ ಇಳಿಸಿದ ದಿನವೇ ಬಾಡಿ ತೊಳೆಯಿರಿ, ಒದ್ದೆ ಗೋಣಿಚೀಲ, ಹುಲ್ಲು ರಾತ್ರಿಯಿಡೀ ಬಾಡಿಯಲ್ಲಿ ಬಿಡಬೇಡಿ, ಚೆನ್ನೈಯಿಂದ ಬಂದರೆ ಅಡಿಗೂ ನೀರು ಹೊಡೆಯಿರಿ. ತಿಂಗಳಿಗೊಮ್ಮೆ ಸೈಕಲ್ ಕಡ್ಡಿಯಿಂದ ಬಾಗಿಲ ತಳದ ತೂತುಗಳನ್ನು ಕೆದಕಿ. ನಮ್ಮ ಡ್ರೈವರ್ ಸೀಟಿನ ಹಿಂದೆ ಆ ಕಡ್ಡಿ ಈಗ ಯಾವಾಗಲೂ ಇರುತ್ತದೆ.

ಮೊದಲ ದೊಡ್ಡ ಮಳೆ ಬರುವ ಸೂಚನೆ ಕಂಡಾಗ ಫ್ಲೋರ್ ಮೇಲೆ, ಮ್ಯಾಟ್ ಕೆಳಗೆ, ಎರಡು ಹಾಳೆ ನ್ಯೂಸ್‌ಪೇಪರ್ ಹಾಸಿಡಿ. ಮಳೆ ನಿಂತ ಮೇಲೆ ತೆಗೆದು ನೋಡಿ. ಎಲ್ಲಾದರೂ ಒದ್ದೆ ಇದ್ದರೆ ಆ ಗುರುತು ಹಿಡಿದು ಮೇಲಕ್ಕೆ ಹುಡುಕುತ್ತಾ ಹೋಗಿ, ಗಾಜಿನ ರಬ್ಬರ್ ತನಕ. ನಮ್ಮದರಲ್ಲಿ ಬಲಮೂಲೆಯಲ್ಲಿ ಎಂಟಾಣೆ ಅಗಲ ಒದ್ದೆ ಇತ್ತು, ವೈಪರ್ ಬುಡದ ವಾಷರ್ ಸೀಳಿತ್ತು. ಅದನ್ನು ಬದಲಿಸಿದ ಮೇಲೆ ಬಂದ ಮಳೆಗೆ ಪೇಪರ್ ಒಣಗೇ ಇತ್ತು.